ಹೆಸರು ಒಂದೇ, ಹಂಡೆ ಹತ್ತು: ಊರೂರಿನ ಬಿರಿಯಾನಿ ಬೇರೆಯಾಗುವುದು ಎಲ್ಲಿ?

ಬೆಂಗಳೂರಿನಲ್ಲಿ ಕೂತು ಮೊಬೈಲ್‌ನಲ್ಲಿ ‘ಬಿರಿಯಾನಿ’ ಎಂದು ಹುಡುಕಿದರೆ ಹೈದರಾಬಾದಿ, ಲಖನವಿ, ಕೋಲ್ಕತ್ತ, ಅಂಬೂರು, ತಲಶ್ಶೇರಿ, ಭಟ್ಕಳ, ದೊನ್ನೆ ಎಲ್ಲವೂ ಒಂದೇ ಪರದೆಯಲ್ಲಿ ಸಾಲುಗಟ್ಟುತ್ತವೆ. ಹಿಂದೆಲ್ಲ ಆಯಾ ಊರಿನ ಬಸ್ ಹತ್ತಿ ಹೋದರೆ ಮಾತ್ರ ಸಿಗುತ್ತಿದ್ದ ಊಟವಿದು. ಸ್ವಿಗ್ಗಿ ಪ್ರತಿವರ್ಷದ ಕೊನೆಯಲ್ಲಿ ಹೊರಡಿಸುವ ಪಟ್ಟಿಯಲ್ಲಿ ಅತಿ ಹೆಚ್ಚು ಆರ್ಡರ್ ಆದ ತಿನಿಸು ಬಿರಿಯಾನಿಯೇ ಆಗಿ ವರ್ಷಗಳಾದವು. ತರಿಸಿಕೊಳ್ಳುವವರು ಹೆಚ್ಚಾದಂತೆ ದೂರುಗಳೂ ಹೆಚ್ಚಾಗಿವೆ. ದೊನ್ನೆ ಬಿರಿಯಾನಿಯ ಕೆಳಗೆ “ಅನ್ನ ಉದುರಾಗಿಲ್ಲ” ಎಂದು ಬರೆದಿರುತ್ತದೆ. ಲಖನವಿಯ ಕೆಳಗೆ “ಖಾರವೇ ಇಲ್ಲ”. ಕೋಲ್ಕತ್ತದ ಬಿರಿಯಾನಿಗಂತೂ “ಆಲೂಗಡ್ಡೆ ತುಂಬಿ ತೂಕ ಮಾಡಿದ್ದಾರೆ” ಎಂಬ ಆರೋಪ.

ಮೂರೂ ಕಡೆ ಅಡುಗೆಯವರ ತಪ್ಪಿಲ್ಲ. ಆ ಬಿರಿಯಾನಿಗಳು ಇರಬೇಕಾದದ್ದೇ ಹಾಗೆ. ಒಂದು ಊರಿನ ಅಳತೆಗೋಲು ಹಿಡಿದು ಇನ್ನೊಂದು ಊರಿನ ಹಂಡೆ ಅಳೆದಾಗ ಇಂಥ ನಿರಾಸೆಗಳು ಹುಟ್ಟುತ್ತವೆ. ಮಸಾಲೆಯ ಪಟ್ಟಿ ಎಷ್ಟೇ ಉದ್ದವಿರಲಿ, ಊರಿಂದೂರಿಗೆ ಬಿರಿಯಾನಿಯನ್ನು ಬೇರೆ ಮಾಡುವುದು ಮುಖ್ಯವಾಗಿ ಮೂರು ಸಂಗತಿ: ಅಕ್ಕಿ ಯಾವುದು, ಅಕ್ಕಿಯೂ ಮಾಂಸವೂ ಯಾವ ಹಂತದಲ್ಲಿ ಕೂಡುತ್ತವೆ, ಜಿಡ್ಡು ಯಾವುದು. ಇಷ್ಟು ಗೊತ್ತಿದ್ದರೆ ಹೊಸ ಊರಿನ ಹೋಟೆಲಿನಲ್ಲೂ ಏನು ಕೇಳಬೇಕು, ಏನು ನಿರೀಕ್ಷಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಪಲಾವ್, ಪಕ್ಕಿ, ಕಚ್ಚಿ

ನಮ್ಮ ಅಡುಗೆಮನೆಯಿಂದಲೇ ಶುರುಮಾಡೋಣ. ಬಿಸಿಬೇಳೆಬಾತ್‌ನಲ್ಲಿ ಅಕ್ಕಿ ಬೇಳೆ-ತರಕಾರಿಯ ಜೊತೆಗೇ ಬೆಂದು ಅದರ ಸಾರ ಹೀರಿಕೊಳ್ಳುತ್ತದೆ. ಪುಳಿಯೋಗರೆಯಲ್ಲಿ ಅನ್ನ ಬೇರೆ, ಗೊಜ್ಜು ಬೇರೆ. ಎರಡೂ ಕೊನೆಯಲ್ಲಿ ಸೇರುತ್ತವೆ. ಮಾಂಸದ ಅನ್ನಗಳಲ್ಲೂ ಇದೇ ಭೇದ.

ಪಲಾವ್ ಬಿಸಿಬೇಳೆಬಾತ್‌ನ ದಾರಿಯದು. ಮಾಂಸ ಬೇಯಿಸಿದ ರಸಕ್ಕೆ, ಅಂದರೆ ಯಖ್ನಿಗೆ, ಅಳತೆ ನೋಡಿ ಅಕ್ಕಿ ಸುರಿದು ನೀರು ಇಂಗುವವರೆಗೆ ಬೇಯಿಸುತ್ತಾರೆ. ಗಂಜಿ ಬಸಿಯುವ ಮಾತಿಲ್ಲ.

ಪಕ್ಕಿ ಬಿರಿಯಾನಿ ಪುಳಿಯೋಗರೆಯ ದಾರಿಯದು, ಆದರೆ ಪೂರ್ತಿ ಅಲ್ಲ. ಮಾಂಸವನ್ನು ಮಸಾಲೆಯಲ್ಲಿ ಮೊದಲೇ ಬೇಯಿಸಿಡುತ್ತಾರೆ. ಅಕ್ಕಿಯನ್ನು ಬೇರೆ ನೀರಲ್ಲಿ ಮುಕ್ಕಾಲು ಬೇಯಿಸಿ ಬಸಿದು, ಮಾಂಸದ ಮೇಲೆ ಹಾಸಿ, ಮುಚ್ಚಿ, ಉಳಿದ ಕಾಲು ಭಾಗವನ್ನು ಆವಿಯಲ್ಲಿ ಮುಗಿಸುತ್ತಾರೆ.

ಕಚ್ಚಿಯಲ್ಲಿ ಮಾಂಸ ಹಸಿಯಾಗಿಯೇ ಹಂಡೆಗೆ ಇಳಿಯುತ್ತದೆ. ಮಸಾಲೆ-ಮೊಸರಿನಲ್ಲಿ ನೆನೆದ ಹಸಿ ಮಾಂಸ ತಳದಲ್ಲಿ, ಅರೆಬೆಂದ ಅಕ್ಕಿ ಮೇಲೆ. ಕೆಳಗಿನದು ಕುದಿಯಬೇಕು, ಮೇಲಿನದು ಅದರ ಆವಿಯಲ್ಲಿ ಹಬೆಯಾಡಬೇಕು, ಎರಡೂ ಒಂದೇ ಗಳಿಗೆಗೆ ಮುಗಿಯಬೇಕು. ಇಡ್ಲಿ ಪಾತ್ರೆಯ ತಳದ ನೀರಿನ ಜಾಗದಲ್ಲಿ ಮಾಂಸ ಇಟ್ಟ ಹಾಗೆ. ಬಾಣಸಿಗರಿಗೆ ಇದು ಕಷ್ಟದ ಕೆಲಸವಾಗುವುದು ಮುಚ್ಚಳ ತೆಗೆದು ನೋಡುವ ಹಾಗಿಲ್ಲದ ಕಾರಣಕ್ಕೆ.

ಮುಚ್ಚಳಕ್ಕೆ ಹಿಟ್ಟು ಮೆತ್ತಿ ಆವಿ ಹೊರಹೋಗದಂತೆ ಬೇಯಿಸುವುದೇ ದಮ್. ಪರ್ಷಿಯನ್‌ನಲ್ಲಿ ಈ ಪದಕ್ಕೆ ಉಸಿರು ಎಂದರ್ಥ. ನಾವು ‘ದಮ್ಮು ಕಟ್ಟಿ ಓಡಿದ’ ಎನ್ನುವಾಗಲೂ ಬಳಸುವುದು ಅದೇ ಪದವನ್ನು.

ಅಕ್ಕಿಯೇ ಅರ್ಧ ಉತ್ತರ

ಬಾಸ್ಮತಿ ಉದ್ದಕ್ಕೆ ಬೆಳೆಯುವ ಅಕ್ಕಿ. ಬೆಂದಾಗ ದಪ್ಪವಾಗುವುದಕ್ಕಿಂತ ಉದ್ದವಾಗುವುದೇ ಹೆಚ್ಚು, ಹಸಿ ಕಾಳಿನ ಸುಮಾರು ಎರಡರಷ್ಟು. ಒಂದೆರಡು ವರ್ಷ ಗೋದಾಮಿನಲ್ಲಿಟ್ಟ ಹಳೆಯ ಅಕ್ಕಿಯಲ್ಲಿ ತೇವ ಕಡಿಮೆ, ಅಂಟೂ ಕಡಿಮೆ. ಹೊಸ ಬಾಸ್ಮತಿಯಲ್ಲಿ ಬಿರಿಯಾನಿ ಮಾಡಿದರೆ ಎಷ್ಟೇ ಜಾಣ ಅಡುಗೆಯವರ ಕೈಯಲ್ಲೂ ಮುದ್ದೆಯಾಗುತ್ತದೆ. ಬಾಸ್ಮತಿ ತನ್ನದೇ ಸುವಾಸನೆ ಉಳಿಸಿಕೊಳ್ಳುತ್ತದೆಯೇ ಹೊರತು ಮಸಾಲೆಯನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ. ಪದರ ಪದರವಾಗಿ ಕಟ್ಟುವ ಬಿರಿಯಾನಿಗೆ ಅದು ಹೊಂದುವುದು ಇದರಿಂದಲೇ.

ಜೀರಿಗೆ ಸಾಂಬಾ ಇದಕ್ಕೆ ತದ್ವಿರುದ್ಧ. ಜೀರಿಗೆಯಷ್ಟೇ ಸಣ್ಣ ಕಾಳು, ಉದ್ದವಾಗುವುದಿಲ್ಲ, ಮಸಾಲೆ ಹೀರುತ್ತದೆ. ಬೆಂದಾಗ ಕಾಳುಗಳು ಒಂದಕ್ಕೊಂದು ಮೃದುವಾಗಿ ತಾಗಿಕೊಂಡಿರುತ್ತವೆ. ಅದು ಹದ, ದೋಷವಲ್ಲ. ತಮಿಳುನಾಡು, ಬೆಂಗಳೂರು, ಹೊಸಕೋಟೆ ಇದರ ಸೀಮೆ. ಕೇರಳದ ಮಲಬಾರಿನಲ್ಲಿ ಇದರ ದಾಯಾದಿ ಕೈಮ, ಇನ್ನೊಂದು ಹೆಸರು ಜೀರಕಶಾಲ. ವಯನಾಡಿನ ಜೀರಕಶಾಲಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೂ ಇದೆ. ಬಾಂಗ್ಲಾದೇಶದಲ್ಲಿ ಚಿನಿಗುರಾ, ಕಾಲಿಜೀರಾ ಎಂಬ ಸಣ್ಣ ಪರಿಮಳದ ಅಕ್ಕಿಗಳಿವೆ.

ಇನ್ನೊಂದು, ಸೇಲಾ. ಭತ್ತವಿದ್ದಾಗಲೇ ಬೇಯಿಸಿ ಒಣಗಿಸಿದ ಬಾಸ್ಮತಿ, ನಮ್ಮ ಕುಚ್ಚಲಕ್ಕಿಯ ಉತ್ತರದ ನೆಂಟ ಅನ್ನಿ. ನೂರಾರು ಜನರ ಹಂಡೆಯಲ್ಲಿ ಮೇಲಿನ ಭಾರ ಬಿದ್ದರೂ ಕಾಳು ಮುರಿಯುವುದಿಲ್ಲ. ಹೋಟೆಲುಗಳು, ಮದುವೆ ಅಡುಗೆಯವರು ಇದನ್ನು ನೆಚ್ಚುವುದು ಅದಕ್ಕೇ. ಅರ್ಧ ಗಂಟೆ ನೆನೆದರೆ ಸಾಲದು, ಒಂದರಿಂದ ಎರಡು ಗಂಟೆ ಬೇಕು. ಇಲ್ಲದಿದ್ದರೆ ನಡುಗಾಳು ಗಟ್ಟಿಯಾಗಿ ಉಳಿಯುತ್ತದೆ.

ಹೈದರಾಬಾದ್: ಹಸಿ ಮಾಂಸದ ಲೆಕ್ಕಾಚಾರ

ಯುನೆಸ್ಕೊ 2019ರಲ್ಲಿ ಆಹಾರ ಪರಂಪರೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿದ ಊರಿದು. ಇಲ್ಲಿನ ಹೆಸರುವಾಸಿ ಬಿರಿಯಾನಿ ಕಚ್ಚಿ ಗೋಷ್ತ್‌ನದು, ಅಂದರೆ ಹಸಿ ಮಾಂಸದ್ದು. ಹಂಡೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಇದು ಅರ್ಥವಾದರೆ ಉಳಿದ ಊರುಗಳದ್ದು ಸಲೀಸು.

ಒಂದು ಕೆ.ಜಿ. ಎಳೆ ಮೇಕೆಯ ಮಾಂಸಕ್ಕೆ ಒಂದು ಕೆ.ಜಿ. ಹಳೆಯ ಬಾಸ್ಮತಿ. ಮಾಂಸಕ್ಕೆ ಗಟ್ಟಿ ಮೊಸರು 250 ಗ್ರಾಂ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎರಡು ದೊಡ್ಡ ಚಮಚ, ಸಿಪ್ಪೆಸಹಿತ ರುಬ್ಬಿದ ಹಸಿ ಪಪ್ಪಾಯಿ ಒಂದೂವರೆಯಿಂದ ಎರಡು ದೊಡ್ಡ ಚಮಚ, ಕೆಂಪಗೆ ಗರಿಗರಿಯಾಗಿ ಕರಿದು ಪುಡಿಮಾಡಿದ ನಾಲ್ಕು ದೊಡ್ಡ ಈರುಳ್ಳಿ, ಪುದೀನ, ಕೊತ್ತಂಬರಿ, ಹಸಿಮೆಣಸು, ಶಾಜೀರಿಗೆ, ಗರಂ ಮಸಾಲೆ, ಉಪ್ಪು, ಈರುಳ್ಳಿ ಕರಿದ ಎಣ್ಣೆ. ನಾಲ್ಕು ಗಂಟೆ ನೆನೆಸಬೇಕು.

ಅಕ್ಕಿ ಅರ್ಧ ಗಂಟೆ ನೆನೆದಿರಲಿ. ಐದು ಲೀಟರ್ ನೀರು ಕುದಿಸಿ, ಲೀಟರಿಗೊಂದು ದೊಡ್ಡ ಚಮಚ ಉಪ್ಪು ಹಾಕಬೇಕು. ಹೆಚ್ಚಾಯಿತು ಅನಿಸುತ್ತದೆ, ಆದರೆ ಆ ನೀರು ಚರಂಡಿಗೆ ಹೋಗುವಂಥದ್ದು. ಇಲ್ಲಿ ಜಿಪುಣತನ ಮಾಡಿದರೆ ಅನ್ನ ಸಪ್ಪೆಯಾಗುತ್ತದೆ, ಆಮೇಲೆ ಉಪ್ಪು ಸೇರಿಸಲು ದಾರಿಯಿಲ್ಲ. ಅಕ್ಕಿ ಹಾಕಿ ನೀರು ಮತ್ತೆ ಕುದಿಬಂದ ನಾಲ್ಕನೇ ನಿಮಿಷಕ್ಕೆ ಅರ್ಧ ಅಕ್ಕಿಯನ್ನು ಜಾಲರಿಯಲ್ಲಿ ಎತ್ತಿ ಮಾಂಸದ ಮೇಲೆ ಹಾಸುತ್ತಾರೆ. ಆಗ ಕಾಳನ್ನು ಬೆರಳಲ್ಲಿ ಹಿಸುಕಿದರೆ ನಡುವೆ ಬಿಳಿ ಗಟ್ಟಿ ಇರಬೇಕು. ಉಳಿದರ್ಧ ಇನ್ನೆರಡು ನಿಮಿಷ ಹೆಚ್ಚು ಬೆಂದು ಮೇಲಿನ ಪದರವಾಗುತ್ತದೆ. ಹೀಗೆ ಎರಡು ಹಂತ ಮಾಡುವುದಕ್ಕೆ ಕಾರಣವಿದೆ: ಕೆಳಗಿನ ಅಕ್ಕಿಗೆ ಮಾಂಸದ ನೀರು ನೇರವಾಗಿ ಸಿಗುತ್ತದೆ, ಮೇಲಿನದಕ್ಕೆ ಸಿಗುವುದು ಆವಿ ಮಾತ್ರ.

ಮೇಲೆ ಹಾಲಿನಲ್ಲಿ ನೆನೆಸಿದ ಕೇಸರಿ, ತುಪ್ಪ, ಕರಿದ ಈರುಳ್ಳಿ. ಮುಚ್ಚಳಕ್ಕೆ ಗೋಧಿ ಹಿಟ್ಟು ಮೆತ್ತಿ ಹತ್ತು ನಿಮಿಷ ಜೋರು ಉರಿ, ಆಮೇಲೆ ತವೆಯ ಮೇಲಿಟ್ಟು ಸಣ್ಣ ಉರಿಯಲ್ಲಿ 35–40 ನಿಮಿಷ, ಇಳಿಸಿದ ಮೇಲೆ ಕಾಲು ಗಂಟೆ ಸುಮ್ಮನೆ ಬಿಡಬೇಕು.

ಕೆಡುವುದು ಎಲ್ಲೆಲ್ಲಿ? ಮೊಸರು ನೀರಾಗಿದ್ದರೆ ತಳದ ಅನ್ನ ಗಂಜಿಯಾಗುತ್ತದೆ. ಪಪ್ಪಾಯಿಯ ಪೆಪೇನ್ ಎಂಬ ಕಿಣ್ವ ಮಾಂಸದ ಎಳೆಗಳನ್ನು ಕತ್ತರಿಸುತ್ತಾ ಹೋಗುತ್ತದೆ; ಅಳತೆ ಮೀರಿದರೆ ಅಥವಾ ರಾತ್ರಿಯಿಡೀ ಬಿಟ್ಟರೆ ಮಾಂಸ ಮೆತ್ತಗಾಗುವುದಿಲ್ಲ, ಹಿಟ್ಟಾಗುತ್ತದೆ. ಮೊದಲ ಹತ್ತು ನಿಮಿಷದ ಜೋರು ಉರಿ ತಪ್ಪಿದರೆ ಆವಿಯೇ ಏಳದೆ ಮಾಂಸ ಹಸಿ ಉಳಿಯುತ್ತದೆ. ಮುಚ್ಚಳದ ಹಿಟ್ಟು ಬಿರುಕುಬಿಟ್ಟರೂ ಅದೇ ಗತಿ. ಬಲಿತ ಮಾಂಸಕ್ಕಂತೂ ಈ ವಿಧಾನ ಒಗ್ಗುವುದೇ ಇಲ್ಲ. ಬಹಳಷ್ಟು ಹೋಟೆಲುಗಳು ಅಪಾಯ ಬೇಡವೆಂದು ಪಕ್ಕಿ ವಿಧಾನದಲ್ಲೇ ಮಾಡಿ ‘ಹೈದರಾಬಾದಿ’ ಎಂದು ಬೋರ್ಡು ಹಾಕುತ್ತವೆ. ರುಚಿ ಕೆಟ್ಟದ್ದಿರಬೇಕೆಂದೇನಿಲ್ಲ, ಹೆಸರು ಮಾತ್ರ ಸರಿಯಲ್ಲ.

ಬಡಿಸುವವರು ತಟ್ಟೆಯ ಅಂಚನ್ನು ಹಂಡೆಯ ಪಕ್ಕದಿಂದ ತಳದವರೆಗೆ ಇಳಿಸಿ ಎತ್ತುತ್ತಾರೆ. ಕಲಕುವಂತಿಲ್ಲ. ಹಾಗಾಗಿ ಒಂದೇ ತಟ್ಟೆಯಲ್ಲಿ ಬಿಳಿ, ಹಳದಿ, ಕಂದು ಮೂರೂ ಬಣ್ಣದ ಕಾಳುಗಳಿರುತ್ತವೆ. ಇಡೀ ಅನ್ನ ಒಂದೇ ಕಿತ್ತಳೆ ಬಣ್ಣಕ್ಕಿದ್ದರೆ ಅದು ಬಣ್ಣದ ಪುಡಿಯ ಕೆಲಸ, ಇಲ್ಲವೇ ಯಾರೋ ಕಲಕಿದ್ದಾರೆ. ಜೊತೆಗೆ ಬರುವುದು ಮಿರ್ಚಿ ಕಾ ಸಾಲನ್, ಅಂದರೆ ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆಯ ಗೊಜ್ಜಿನಲ್ಲಿ ಬೆಂದ ದಪ್ಪ ಮೆಣಸಿನಕಾಯಿ, ಮತ್ತು ನೀರಾಗಿ ಕಡೆದ ಮೊಸರಿನ ಚಟ್ನಿ. ಸಿಕಂದರಾಬಾದಿನ ಪ್ಯಾರಡೈಸ್ (1953ರಿಂದ), ಚಾರ್‌ಮಿನಾರ್ ಬಳಿಯ ಶಾದಾಬ್, ಆರ್‌ಟಿಸಿ ಕ್ರಾಸ್‌ರೋಡ್ಸ್‌ನ ಬಾವರ್ಚಿ ಹೊರಗಿನವರು ಹುಡುಕಿಕೊಂಡು ಹೋಗುವ ಹೆಸರುಗಳು.

ಇದೇ ಊರಿನಲ್ಲಿ ಕಲ್ಯಾಣಿ ಬಿರಿಯಾನಿ ಎಂಬ ಅಗ್ಗದ ಬಿರಿಯಾನಿಯೂ ಇದೆ. ಕಲ್ಯಾಣಿ ಎಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿನ ನವಾಬರ ಮನೆಯ ಅಡುಗೆ ಎಂಬ ಹೆಸರು ಇದಕ್ಕೆ. ಎಮ್ಮೆ ಮಾಂಸದ ಸಣ್ಣ ತುಂಡುಗಳು, ಜೀರಿಗೆ, ಧನಿಯಾ, ಟೊಮೆಟೊ. ಕೇಸರಿ-ತುಪ್ಪದ ಆಡಂಬರವಿಲ್ಲ.

ಲಖನೌನಿಂದ ಕೋಲ್ಕತ್ತಕ್ಕೆ ಹೋದ ಹಂಡೆ

ಲಖನೌನಲ್ಲಿ ಪಕ್ಕಿ ವಿಧಾನ. ಮಾಂಸದ ಯಖ್ನಿಯ ಸಾರವೇ ಅನ್ನಕ್ಕೆ ಇಳಿಯಬೇಕು, ಮಸಾಲೆ ಕಣ್ಣಿಗೆ ಕಾಣಬಾರದು ಎಂಬುದು ಅಲ್ಲಿನ ಪಾಠ. ಹಳೆಯ ಮನೆತನಗಳಲ್ಲಿ ಬಿರಿಯಾನಿಗಿಂತ ಪಲಾವಿಗೇ ಮರ್ಯಾದೆ ಹೆಚ್ಚು. ಖಾರ ಹುಡುಕಿಕೊಂಡು ಚೌಕ್ ಬಜಾರಿಗೆ ಹೋದವರು ಬಿರಿಯಾನಿಯ ಜೊತೆ ಕುರ್ಮಾ ಕೇಳುವುದು ಒಳ್ಳೆಯದು.

1856ರಲ್ಲಿ ಬ್ರಿಟಿಷರು ಲಖನೌ ರಾಜಧಾನಿಯಾಗಿದ್ದ ಅವಧ್ ರಾಜ್ಯವನ್ನು ಕಿತ್ತುಕೊಂಡಾಗ ನವಾಬ ವಾಜಿದ್ ಅಲಿ ಶಾ ಕಲ್ಕತ್ತಕ್ಕೆ ಬಂದು ಮಟಿಯಾಬುರ್ಜ್‌ನಲ್ಲಿ ನೆಲೆಸಿದ. 1887ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಜೊತೆಗೆ ಬಂದ ಬಾವರ್ಚಿಗಳಿಂದ, ಅಂದರೆ ಅಡುಗೆಯವರಿಂದ, ಅಲ್ಲಿ ಬಿರಿಯಾನಿ ಬೇರೂರಿತು. ಆಲೂಗಡ್ಡೆ ಬಂದದ್ದಕ್ಕೆ ಎರಡು ಕಥೆ ಚಾಲ್ತಿಯಲ್ಲಿವೆ. ದುಡ್ಡು ಸಾಲದೆ ಮಾಂಸದ ಬದಲು ಹಾಕಿದರು ಎಂಬುದು ಒಂದು. ಆಗ ಆಲೂಗಡ್ಡೆ ಹೊಸ ತರಕಾರಿ, ಅಗ್ಗದ್ದೇನಲ್ಲ, ರುಚಿಗಾಗಿಯೇ ಹಾಕಿದರು ಎಂಬುದು ನವಾಬನ ವಂಶದವರ ವಾದ.

ಕಾರಣ ಏನೇ ಇರಲಿ, ಆ ಆಲೂಗಡ್ಡೆ ಸುಮ್ಮನೆ ಬೇಯಿಸಿ ಹಾಕಿದ್ದಲ್ಲ. ದೊಡ್ಡ ಗಡ್ಡೆಯ ಸಿಪ್ಪೆ ಸುಲಿದು, ಇಡಿಯಾಗಿಯೋ ಎರಡು ಹೋಳಾಗಿಯೋ ಹದವಾಗಿ ಕರಿದು, ಮಾಂಸದ ರಸದಲ್ಲಿ ಮುಕ್ಕಾಲು ಬೇಯಿಸಿ ಆಮೇಲೆ ದಮ್ಮಿಗಿಡುತ್ತಾರೆ. ಕರಿಯದೆ ಹಾಕಿದರೆ ಕರಗಿ ಅನ್ನಕ್ಕೆ ಅಂಟುತ್ತದೆ; ಹಸಿಯಾಗಿ ಹಾಕಿದರೆ ದಮ್ಮಿನ ಹೊತ್ತು ಅದಕ್ಕೆ ಸಾಲದು. ಸರಿಯಾಗಿ ಆದದ್ದನ್ನು ಮುರಿದರೆ ನಡುವಿನವರೆಗೂ ಮಾಂಸದ ಜಿಡ್ಡು ಇಳಿದಿರುತ್ತದೆ. ಅದಕ್ಕೇ ಅಲ್ಲಿನವರು ಮಾಂಸದ ತುಂಡು ಚಿಕ್ಕದಾದರೂ ಸಹಿಸಿಯಾರು, ಆಲೂ ಇಲ್ಲದಿದ್ದರೆ ಜಗಳಕ್ಕೆ ನಿಲ್ಲುತ್ತಾರೆ.

ಇನ್ನೊಂದು ಗುರುತು ವಾಸನೆ. ಕೇವ್ರಾ ನೀರು, ಅಡುಗೆಗೆ ಹಾಕುವ ಸುಗಂಧವಾದ ಮೀಠಾ ಅತ್ತರ್. ಕೇವ್ರಾ ಎಂದರೆ ಬೇರೇನೂ ಅಲ್ಲ, ನಮ್ಮ ಹೆಂಗಸರು ಜಡೆಗೆ ಮುಡಿಯುತ್ತಿದ್ದ ಕೇದಿಗೆ. ಒಡಿಶಾದ ಗಂಜಾಂ ಜಿಲ್ಲೆ ಇದಕ್ಕೆ ಹೆಸರುವಾಸಿ. ಅತ್ತರ್ ಒಂದು ಹಂಡೆಗೆ ಕೆಲವೇ ಹನಿ. ಮೀರಿದರೆ ಸೋಪಿನ ವಾಸನೆ. ಚಿತ್ಪುರದ ರಾಯಲ್ (1905), ಅಮೀನಿಯಾ (1929), ಈಚಿನ ಅರ್ಸಲಾನ್ ಇಲ್ಲಿ ಹೆಸರಾದ ಹೋಟೆಲುಗಳು. ಒಂದು ಪ್ಲೇಟ್ ಎಂದರೆ ಸಾಮಾನ್ಯವಾಗಿ ಒಂದು ದೊಡ್ಡ ತುಂಡು ಮಾಂಸ, ಒಂದು ಆಲೂ, ಕೆಲವೆಡೆ ಮೊಟ್ಟೆ. ‘ಸ್ಪೆಷಲ್’ ಅಂದರೆ ಹೆಚ್ಚಾಗಿ ಎರಡು ತುಂಡು. ಸಾಲನ್ ಕೇಳಿದರೆ ಮುಖ ನೋಡುತ್ತಾರೆ. ಜೊತೆಗೆ ತೆಗೆದುಕೊಳ್ಳಬೇಕಾದದ್ದು ದಪ್ಪ ಮಸಾಲೆಯಲ್ಲಿ ಬೆಂದ ಮಾಂಸದ ಚಾಪ್ ಅಥವಾ ಮೊಸರು-ಗೋಡಂಬಿಯ ಬಿಳಿ ರೆಜಾಲಾ.

ಢಾಕಾ: ಸಾಸಿವೆ ಎಣ್ಣೆ, ಹಲಸಿನೆಲೆ

ಹಳೇ ಢಾಕಾದಲ್ಲಿ ಒಂದೇ ಬೀದಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಮದುವೆಮನೆಯ ಕಚ್ಚಿ. ಅಲ್ಲಿ ಬರೀ ‘ಕಚ್ಚಿ’ ಎಂದರೆ ಸಾಕು, ಬಿರಿಯಾನಿ ಎಂದು ಸೇರಿಸುವ ಅಗತ್ಯವಿಲ್ಲ. ‘ಖಾಸಿ’ ಎಂದು ಬರೆದಿದ್ದರೆ ಬೀಜ ಒಡೆದ ಹೋತದ ಮಾಂಸ. ಇದರಲ್ಲೂ ಆಲೂಗಡ್ಡೆ ಇರುತ್ತದೆ, ಒಣಗಿಸಿದ ಆಲೂಬುಖಾರಾ ಹಣ್ಣಿನ ಹುಳಿಯೂ ಇರುತ್ತದೆ.

ಇನ್ನೊಂದು ತೆಹಾರಿ ಮತ್ತು ಅದೇ ಜಾಡಿನ ಬಿರಿಯಾನಿಗಳು: ಸಣ್ಣ ಸಣ್ಣ ತುಂಡು ಮಾಂಸ, ಸಣ್ಣ ಅಕ್ಕಿ, ಸಾಸಿವೆ ಎಣ್ಣೆ. ನಾಜಿರಾ ಬಜಾರಿನ ಹಾಜಿ ಬಿರಿಯಾನಿ 1939ರಿಂದ ತುಪ್ಪ ಬಿಟ್ಟು ಸಾಸಿವೆ ಎಣ್ಣೆಯಲ್ಲೇ ಮಾಡುತ್ತಾ ಬಂದಿದೆ. ಈ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಸ್ವಲ್ಪ ಆರಿಸಿ ಬಳಸಬೇಕು; ಇಲ್ಲದಿದ್ದರೆ ಮೂಗಿಗೇರುವ ಘಾಟು ಅನ್ನದಲ್ಲಿ ಉಳಿದುಬಿಡುತ್ತದೆ. ಪಾರ್ಸೆಲ್ ಕೊಡುವುದು ಹಲಸಿನೆಲೆ ಹೆಣೆದು ಮಾಡಿದ ಪೊಟ್ಟಣದಲ್ಲಿ. ಕರಾವಳಿಯಲ್ಲಿ ಕಡುಬಿಗೆ ಕೊಟ್ಟೆ ಕಟ್ಟುವುದನ್ನು ಕಂಡವರಿಗೆ ಇದು ಹೊಸತೆನಿಸದು. ಕುಡಿಯಲು ಬೊರ್ಹಾನಿ ಕೇಳಬೇಕು: ಮೊಸರಿಗೆ ಪುದೀನ, ಕೊತ್ತಂಬರಿ, ಹಸಿಮೆಣಸು, ಸಾಸಿವೆ, ಕಪ್ಪು ಉಪ್ಪು ಹಾಕಿ ಕಡೆದ ಖಾರದ ಪಾನಕ. ನಮ್ಮ ಮಸಾಲೆ ಮಜ್ಜಿಗೆಗಿಂತ ದಪ್ಪ.

ತೆಹಾರಿ ಸಾಮಾನ್ಯವಾಗಿ ದನದ ಮಾಂಸದ್ದು. ತಿನ್ನದವರು ಕೂರುವ ಮೊದಲೇ ಕೇಳಿಕೊಳ್ಳಬೇಕು.

ಕರಾಚಿ: ಖಾರ, ಹುಳಿ, ‘ಸಾದಾ’

1947ರ ನಂತರ ದೆಹಲಿ, ಉತ್ತರ ಪ್ರದೇಶ, ಬಿಹಾರ, ಹೈದರಾಬಾದಿನಿಂದ ಹೋದವರು ತಂತಮ್ಮ ಅಡುಗೆಯನ್ನು ಕರಾಚಿಗೆ ಒಯ್ದರು. ಅಲ್ಲಿ ಸಿಂಧಿ ರುಚಿಯ ಜೊತೆ ಸೇರಿ ಆದದ್ದು ಟೊಮೆಟೊ, ಮೊಸರು, ಆಲೂಬುಖಾರಾ ಮೂರರಿಂದಲೂ ಹುಳಿ ಪಡೆಯುವ, ಇಡೀ ಹಸಿಮೆಣಸು ಸಿಗುವ ಪಕ್ಕಿ ಬಿರಿಯಾನಿ. ಆಲೂಗಡ್ಡೆ ಇಲ್ಲೂ ಇದೆ, ಆದರೆ ಕೋಲ್ಕತ್ತದಂತೆ ಸೌಮ್ಯವಲ್ಲ, ಮಸಾಲೆ ಹೊದ್ದದ್ದು. ಹುಳಿ ಮೂರು ಕಡೆಯಿಂದ ಬರುವುದರಿಂದ ಟೊಮೆಟೊ ನೀರು ಪೂರ್ತಿ ಇಂಗಿ ಎಣ್ಣೆ ಬಿಡುವವರೆಗೆ ಹುರಿಯದಿದ್ದರೆ ತಳ ಸಾರಿನಂತಾಗುತ್ತದೆ. ಇಲ್ಲಿನ ಹಂಡೆಗಳಲ್ಲಿ ಸೇಲಾ ಅಕ್ಕಿಯೇ ಹೆಚ್ಚು.

ಸದ್ದರ್‌ನಲ್ಲಿ 1969ರಲ್ಲಿ ಶುರುವಾದ ಸ್ಟೂಡೆಂಟ್ ಬಿರಿಯಾನಿ ಈಗ ದೊಡ್ಡ ಸರಪಳಿ. ‘ಸಾದಾ ಬಿರಿಯಾನಿ’ ಎಂದರೆ ಮಾಂಸದ ತುಂಡಿಲ್ಲದ ಬಿರಿಯಾನಿ ಅನ್ನ, ಬೆಂಗಳೂರಿನ ಕುಷ್ಕದ ಹಾಗೆ. ಎರಡೂ ಸಸ್ಯಾಹಾರವಲ್ಲ. ಅನ್ನ ಬೆಂದಿರುವುದು ಮಾಂಸದ ಹಂಡೆಯಲ್ಲೇ, ತುಂಡು ಮಾತ್ರ ತೆಗೆದಿರುತ್ತಾರೆ. ಅಗ್ಗಕ್ಕೆ ಸಿಗುತ್ತದೆಂದು ಕುಷ್ಕ ತರಿಸುವ ಸಸ್ಯಾಹಾರಿಗಳು ಇದನ್ನು ಗಮನಿಸಬೇಕು.

ಅಂಬೂರಿನಿಂದ ಹೊಸಕೋಟೆವರೆಗೆ

ಬೆಂಗಳೂರು-ಚೆನ್ನೈ ರಸ್ತೆಯಲ್ಲಿ ಹೋಗುವವರಿಗೆ ಅಂಬೂರು, ವಾಣಿಯಂಬಾಡಿ ಗೊತ್ತಿರುತ್ತದೆ. ಆರ್ಕಾಟ್ ನವಾಬರ ಸೀಮೆಯ ಅಡುಗೆ. ಇಲ್ಲಿ ಮೆಣಸಿನ ಪುಡಿ ಹಾಕುವುದಿಲ್ಲ. ಒಣಮೆಣಸಿನಕಾಯಿ ನೆನೆಸಿ ರುಬ್ಬಿದ ಪೇಸ್ಟ್ ಹಾಕುತ್ತಾರೆ. ಹಾಗಾಗಿ ಬಣ್ಣ ಕೆಂಪು, ಖಾರ ನಿಧಾನ. ಗರಂ ಮಸಾಲೆ ಕಡಿಮೆ. ಜೀರಿಗೆ ಸಾಂಬಾವನ್ನು ಬೇರೆ ಬೇಯಿಸಿ ಬಸಿದು ಮಾಂಸದ ಮಸಾಲೆಗೆ ಸೇರಿಸಿ, ಮುಚ್ಚಳದ ಮೇಲೆ ಕೆಂಡ ಹಾಕಿ ದಮ್ ಕೊಡುತ್ತಾರೆ. ಜೊತೆಗೆ ಹುಳಿ ಬದನೆಕಾಯಿ ಗೊಜ್ಜು. ಅದನ್ನು ಬಿಟ್ಟು ತಿಂದವರು ಅರ್ಧ ಊಟ ಬಿಟ್ಟಂತೆ. ಇನ್ನೂ ದಕ್ಷಿಣಕ್ಕೆ ದಿಂಡಿಗಲ್‌ನಲ್ಲಿ ಸಣ್ಣಗೆ ಕತ್ತರಿಸಿದ ಮಾಂಸ, ಕಾಳುಮೆಣಸಿನ ಖಾರ. 1957ರಲ್ಲಿ ಆರಂಭವಾದ ತಲಪ್ಪಾಕಟ್ಟಿ ಇದನ್ನು ಊರೂರಿಗೆ ಒಯ್ದಿತು.

ಬೆಂಗಳೂರಿನ ದೊನ್ನೆ ಬಿರಿಯಾನಿ ಬೆಳೆದದ್ದು ಮರಾಠಿಗರು ನಡೆಸುತ್ತಿದ್ದ ಮಿಲ್ಟ್ರಿ ಹೋಟೆಲುಗಳಲ್ಲಿ. ಬ್ರಾಹ್ಮಣರ ಹೋಟೆಲಲ್ಲ, ಬಾಡೂಟ ಸಿಗುತ್ತದೆ ಎಂದು ಸಾರುವುದೇ ‘ಮಿಲ್ಟ್ರಿ’ ಎಂಬ ಬೋರ್ಡಿನ ಕೆಲಸವಾಗಿತ್ತು. ಇಲ್ಲಿ ಬಣ್ಣ ಹಸಿರು. ಒಂದು ಕೆ.ಜಿ. ಮಾಂಸಕ್ಕೆ ಒಂದು ದೊಡ್ಡ ಕಟ್ಟು ಕೊತ್ತಂಬರಿ, ಅದರರ್ಧ ಪುದೀನ, ಹತ್ತು-ಹನ್ನೆರಡು ಹಸಿಮೆಣಸು ರುಬ್ಬಿ, ಈರುಳ್ಳಿಯ ಜೊತೆ ಹಸಿವಾಸನೆ ಹೋಗುವಂತೆ ಹುರಿದು, ಮಾಂಸವನ್ನು ಮುಕ್ಕಾಲು ಬೇಯಿಸಬೇಕು. ಆಮೇಲೆ ಇಪ್ಪತ್ತು ನಿಮಿಷ ನೆನೆದ ಜೀರಿಗೆ ಸಾಂಬಾ ಅಕ್ಕಿ. ಒಂದು ಪಾವು ಅಕ್ಕಿಗೆ ಒಂದೂವರೆಯಿಂದ ಎರಡು ಪಾವು ದ್ರವ, ಮಾಂಸ ಬೆಂದ ರಸವೂ ಸೇರಿ. ಇಲ್ಲೇ ಬಹಳ ಜನ ಎಡವುತ್ತಾರೆ: ಹಂಡೆಯಲ್ಲಿ ಈಗಾಗಲೇ ಇರುವ ರಸ ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡು ಪಾವು ಹೊಸ ನೀರು ಸುರಿದುಬಿಡುತ್ತಾರೆ. ಎರಡನೇ ತಪ್ಪು, ನೀರು ಇಂಗುವ ಹೊತ್ತಿಗೆ ಸೌಟು ಆಡಿಸುವುದು. ಸಣ್ಣ ಕಾಳು, ಒಡೆದು ಪೊಂಗಲ್ ಆಗುತ್ತದೆ. ಅನ್ನದ ಮೇಲೆ ಗುಳಿಗಳು ಕಂಡ ಕೂಡಲೇ ಸೌಟು ದೂರವಿಟ್ಟು, ಮುಚ್ಚಿ, ಮೇಲೆ ಕೆಂಡವೋ ಭಾರವೋ ಇಟ್ಟು 15–20 ನಿಮಿಷ ಬಿಡಬೇಕು.

ಬಸಿಯದೆ, ಇಂಗಿಸಿ ಮಾಡುವುದರಿಂದ ಲಖನೌದ ಬಾಣಸಿಗರು ಇದನ್ನು ಪಲಾವ್ ಎಂದಾರು. ವಿಧಾನದ ಲೆಕ್ಕದಲ್ಲಿ ಅವರ ಮಾತು ಸರಿ. ಹೆಸರಿನ ಲೆಕ್ಕ ಬೆಂಗಳೂರಿನವರದು. ಪದರವಿಲ್ಲದ ಕಾರಣ ಎಲ್ಲ ಕಾಳೂ ಒಂದೇ ಬಣ್ಣ. ದೊನ್ನೆಯ ಒಣಗಿದ ಎಲೆ ಅಥವಾ ಅಡಿಕೆ ಹಾಳೆ ಬಿಸಿ ಅನ್ನದ ಬೆವರನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಅದೇ ಅನ್ನವನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಿದರೆ ಆವಿ ನೀರಾಗಿ ಮತ್ತೆ ಅನ್ನದ ಮೇಲೇ ಬೀಳುತ್ತದೆ. ಮನೆಗೆ ತರಿಸಿದ ದೊನ್ನೆ ಬಿರಿಯಾನಿ ಮುದ್ದೆ ಎನಿಸುವುದಕ್ಕೆ ಅರ್ಧ ಕಾರಣ ಡಬ್ಬಿ. ಶೇರ್ವ, ಮೊಸರು ಬಜ್ಜಿ ಜೊತೆಗಿರುತ್ತವೆ. ಕಬಾಬೋ ಚಾಪ್ಸೋ ಬೇರೆ ಹೇಳಬೇಕು.

ಹೊಸಕೋಟೆಯ ಸೌದೆ ಒಲೆಯ ದಮ್ ಬಿರಿಯಾನಿಗೆ ಭಾನುವಾರ ನಸುಕಿನಲ್ಲೇ ಸಾಲು. ಬೆಳಗಿನ ನಾಲ್ಕಕ್ಕೆ ಬಿರಿಯಾನಿ ತಿನ್ನುವುದು ವಿಚಿತ್ರವೆನಿಸಬಹುದು, ಆದರೆ ಹಂಡೆ ತೆರೆದ ಗಳಿಗೆಗೆ ಅಲ್ಲಿರುವುದೇ ಲಾಭ. ತಡವಾದಷ್ಟೂ ಸಿಗುವುದು ಒಣಗಿದ ಅನ್ನ, ಚೂರು ತುಂಡು.

ಸಮುದ್ರದ ದಾರಿಯವು

ಭಟ್ಕಳ, ಮಲಬಾರ್, ಕೊಲಂಬೊಗಳ ಬಿರಿಯಾನಿಯ ಹಿಂದೆ ಅರಮನೆಗಿಂತ ಬಂದರು, ಅರಬ್ ವ್ಯಾಪಾರದ ನಂಟು ಹೆಚ್ಚು. ಭಟ್ಕಳದ ನವಾಯತ ಮುಸ್ಲಿಮರ ಬಿರಿಯಾನಿಯ ಜೀವಾಳ ಈರುಳ್ಳಿ, ಮಾಂಸದಷ್ಟೇ ತೂಕ ಅಥವಾ ಅದಕ್ಕೂ ಹೆಚ್ಚು. ಅದು ಕರಗಿ ಹಸಿಮೆಣಸಿನ ಜೊತೆ ದಪ್ಪ ಸಿಹಿಖಾರದ ಮಸಾಲೆಯಾಗುತ್ತದೆ. ಮೇಲೆ ಬಿಳಿ ಅನ್ನ, ಕೆಳಗೆ ಮಸಾಲೆ. ತಟ್ಟೆಯಲ್ಲಿ ನೀವೇ ಕಲಸಿಕೊಳ್ಳಬೇಕು. ಮೀನು, ಸಿಗಡಿಯದೂ ಉಂಟು. ತಲಶ್ಶೇರಿಯಲ್ಲಿ ಕೈಮ ಅಕ್ಕಿಯನ್ನು ತುಪ್ಪದಲ್ಲಿ ಹುರಿದು ಅಳತೆ ನೀರಲ್ಲಿ ಇಂಗಿಸಿ, ಬೇರೆ ಬೆಂದ ಮಾಂಸದ ಜೊತೆ ಪದರ ಕಟ್ಟಿ ದಮ್ ಕೊಡುತ್ತಾರೆ. ಗೋಡಂಬಿ, ದ್ರಾಕ್ಷಿ, ಖರ್ಜೂರದ ಉಪ್ಪಿನಕಾಯಿ ಜೊತೆಗಿರುತ್ತವೆ.

ಕೊಲಂಬೊದಲ್ಲಿ ಅದು ‘ಬುರಿಯಾನಿ’. ಬೇಯಿಸಿದ ಮೊಟ್ಟೆ, ಗೋಡಂಬಿ, ಪುದೀನ ಸಂಬೋಲ್ ಎಂಬ ಚಟ್ನಿ, ಅಚ್ಚಾರು, ಕೊನೆಗೆ ಬೆಲ್ಲ-ತೆಂಗಿನಹಾಲಿನ ವಟ್ಟಲಪ್ಪಂ. ಮುಸ್ಲಿಂ ಮದುವೆಗಳಲ್ಲಿ ಸವನ್ ಎಂಬ ಅಗಲ ಹರಿವಾಣದ ಸುತ್ತ ಆರು ಜನ ಕೂತು ತಮ್ಮ ತಮ್ಮ ಬದಿಯಿಂದ ಉಣ್ಣುತ್ತಾರೆ.

ಕೇಳುವಾಗ, ತರಿಸುವಾಗ

ಹೊಸ ಹೋಟೆಲಿನಲ್ಲಿ ಎರಡು ಪ್ರಶ್ನೆ ಸಾಕು: “ಅಕ್ಕಿ ಯಾವುದು?”, “ಹಂಡೆ ಎಷ್ಟೊತ್ತಿಗೆ ತೆರೆಯುತ್ತೀರಿ?” ಮೊದಲನೆಯದರಿಂದ ಹದ ತಿಳಿಯುತ್ತದೆ, ಎರಡನೆಯದರಿಂದ ಯಾವಾಗ ಹೋಗಬೇಕೆಂಬುದು. ದಿನವಿಡೀ ಯಾವಾಗ ಬೇಕಾದರೂ ಬಿಸಿಬಿಸಿ ಸಿಗುತ್ತದೆ ಎಂದರೆ ಅನ್ನ, ಗ್ರೇವಿ ಬೇರೆ ಬೇರೆ ಇಟ್ಟುಕೊಂಡು ಆಗಾಗ ಕಲಸಿ ಕೊಡುತ್ತಿರುವ ಸಾಧ್ಯತೆಯೇ ಹೆಚ್ಚು. ಸಣ್ಣ ಮಡಕೆಗೆ ಹಿಟ್ಟು ಮೆತ್ತಿ ಮನೆಗೆ ಕಳಿಸುವ ‘ದಮ್’ ಕೂಡ ಬಹಳ ಸಲ ಮೊದಲೇ ಆದ ಅನ್ನವನ್ನು ತುಂಬಿ ಬಿಸಿ ಮಾಡಿದ್ದು. ‘ಮಟನ್’ ಎಂದರೆ ಭಾರತದ ಬಹುತೇಕ ಕಡೆ ಮೇಕೆ, ಬೆಂಗಳೂರು-ಮೈಸೂರು ಕಡೆ ಕುರಿಯೂ ಇರಬಹುದು. ಕುರಿಯಲ್ಲಿ ಕೊಬ್ಬು ಹೆಚ್ಚು.

ತಂದದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದದ್ದನ್ನು ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ ಫ್ರಿಜ್‌ಗಿಡಿ. ಮರುದಿನ ಬಾಸ್ಮತಿಗೆ ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ತವೆಯ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಜೀರಿಗೆ ಸಾಂಬಾ ಫ್ರಿಜ್‌ನಲ್ಲಿ ಗಟ್ಟಿ ಕಟ್ಟಿಕೊಂಡಿರುತ್ತದೆ. ಚಮಚದಲ್ಲಿ ಒಡೆಯಬೇಡಿ, ಇಡ್ಲಿ ಪಾತ್ರೆಯ ಆವಿಯಲ್ಲಿಟ್ಟರೆ ತಾನೇ ಬಿಡಿಸಿಕೊಳ್ಳುತ್ತದೆ. ಕೋಲ್ಕತ್ತದ್ದಾದರೆ ಆಲೂಗಡ್ಡೆಯನ್ನು ಎರಡು ಹೋಳು ಮಾಡಿಯೇ ಬಿಸಿಗಿಡಿ. ಇಡಿಯಾಗಿಟ್ಟರೆ ಅನ್ನ ಒಣಗಿದರೂ ಅದರ ನಡು ತಣ್ಣಗೇ ಇರುತ್ತದೆ.